ಗ್ರಾಮದ ನೀರು, ಜಿಲ್ಲೆಯ ಯೋಜನೆ

ಬಯಲುಸೀಮೆಯ ಕೆರೆಗಳು ಒಂದನ್ನೊಂದು ಅರಿಯದ ಬಿಡಿ ಜಲಾಶಯಗಳಲ್ಲ. ಮೇಲೂರಿನ ಕೆರೆ ತುಂಬಿ ಕೋಡಿ ಬಿದ್ದ ನೀರು ಹಳ್ಳವಾಗಿ ಹರಿದು ಕೆಳಗಿನೂರಿನ ಕೆರೆಯನ್ನು ಸೇರುವುದೂ, ಅದು ತುಂಬಿದ ಬಳಿಕ ಅದರಾಚೆಯ ಕೆರೆಗೆ ಪಾಲು ಸಲ್ಲುವುದೂ ಕೋಲಾರ, ತುಮಕೂರು ಸೀಮೆಗಳಲ್ಲಿ ಶತಮಾನಗಳಿಂದ ನಡೆದುಬಂದಿರುವ ಕ್ರಮ. ಮೇಲೂರಿನವರು ಕೋಡಿಯ ಮೇಲೆ ಮೊಳದೆತ್ತರ ಮರಳಿನ ಮೂಟೆ ಪೇರಿಸಿದರೆಂದು ಎಣಿಸೋಣ: ಅವರ ಕೆರೆಯಲ್ಲಿ ಕೊಂಚ ನೀರು ಹೆಚ್ಚಾಗಿ ನಿಂತೀತು, ಆದರೆ ಹಿನ್ನೀರಿನ ಹೊಲಗಳು ಮುಳುಗುವುವು, ಏರಿಗೆ ಒತ್ತಡ ಹೆಚ್ಚುವುದು, ಕೆಳಗಿನವರ ಕೆರೆ ಆ ವರ್ಷ ಅರೆಯಾಗಿಯೇ ಉಳಿಯುವುದು. ಗ್ರಾಮವೊಂದರ ನಿರ್ಧಾರವು ಅದರ ಎಲ್ಲೆಯೊಳಗೇ ನಿಲ್ಲುವುದಿಲ್ಲ. ಆದಕಾರಣ ಸೀಮೆಯ ಜಲಯೋಜನೆಯೂ ಗ್ರಾಮವನ್ನು ಕೇಳದೆ ಸಿದ್ಧವಾಗತಕ್ಕದ್ದಲ್ಲ.

ಈ ನೀರಿನ ಮೇಲೆ ಅಧಿಕಾರವಾದರೋ ಹಲವು ಕೈಗಳಲ್ಲಿ ಹಂಚಿಹೋಗಿದೆ. 40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟುಳ್ಳ ಕೆರೆಗಳು ಪಂಚಾಯತಿಗಳ ಆಡಳಿತಕ್ಕೂ, ಅದಕ್ಕೆ ಮೀರಿ 2,000 ಹೆಕ್ಟೇರಿನವರೆಗಿನವು ಸಣ್ಣ ನೀರಾವರಿ ಇಲಾಖೆಗೂ ಸೇರಿವೆ. ಒಂದೇ ಸರಣಿಯಲ್ಲಿ ಎರಡು ಬಗೆಯವೂ ಇರುವುದರಿಂದ, ಒಬ್ಬರು ಹೂಳೆತ್ತಿಸಿದ ಕೆರೆಗೆ ನೀರು ತರುವ ಕಾಲುವೆಯನ್ನು ಮತ್ತೊಬ್ಬರು ಮರೆತಿರುವುದು ಅಸಂಭವವೇನಲ್ಲ. ಹಿಂದೆ ತೂಬನ್ನು ತೆರೆದು ಮುಚ್ಚಿ ಸರದಿಯಂತೆ ಗದ್ದೆಗಳಿಗೆ ನೀರು ಬಿಡುತ್ತಿದ್ದ ನೀರುಗಂಟಿಗೆ ಊರಿನ ನೀರಿನ ಲೆಕ್ಕ ಬಾಯಿಪಾಠವಾಗಿದ್ದಿತು. ಆ ವೃತ್ತಿ ಕ್ಷೀಣಿಸಿದಂತೆ ಲೆಕ್ಕವೂ ಅಳಿಯಿತು.

ಸ್ಥಳೀಯ ಆಡಳಿತವನ್ನೂ ಕುಡಿಯುವ ನೀರನ್ನೂ ಒಂದೇ ದೃಷ್ಟಿಯಿಂದ ಕಂಡವರಲ್ಲಿ ಕರ್ನಾಟಕದ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರು ಅಗ್ರಗಣ್ಯರು. 1983ರ ಪಂಚಾಯತ್ ಕಾಯಿದೆಯ ಶಿಲ್ಪಿಯೆನಿಸಿದ ಅವರೇ ಹಳ್ಳಿಹಳ್ಳಿಗೆ ಕೊಳವೆಬಾವಿ ತೋಡಿಸಿ ಜನರ ಬಾಯಲ್ಲಿ 'ನೀರ್‌ಸಾಬ್' ಆದರು. ಆದರೆ ಕುಡಿಯುವ ನೀರಿಗೆಂದು ಬಂದ ಆ ಉಪಾಯವು ಮುಂದೆ ಖಾಸಗಿ ನೀರಾವರಿಯ ಕೈಗೆ ಸಿಕ್ಕಿ ಮಿತಿಯಿಲ್ಲದೆ ಬೆಳೆಯಿತು. ನೆಲದಡಿಯ ನೀರಿಗೆ ಲೆಕ್ಕವಿಡುವವರಿಲ್ಲದೆ ಕೋಲಾರದಲ್ಲಿ ಸಾವಿರ ಅಡಿ ದಾಟಿಯೂ ಬಾವಿಗಳು ಬತ್ತಿದುವು. ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರನ್ನು ಅಲ್ಲಿನ ಕೆರೆಗಳಿಗೆ ತುಂಬಿ ಅಂತರ್ಜಲವನ್ನು ಮರುಪೂರಣಗೊಳಿಸುವ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆ 2018ರಲ್ಲಿ ಬರಬೇಕಾದುದು ಈ ಕಾರಣದಿಂದಲೇ. ಯೋಜನೆ ಮೇಲಿನಿಂದ ಬಂದಿತು. ಆದರೆ ಬಂದ ನೀರು ಶುದ್ಧವಾಗಿದೆಯೆ, ದಾರಿಯಲ್ಲಿ ಯಾರಾದರೂ ಪಂಪು ಇಟ್ಟು ಎತ್ತುತ್ತಿರುವರೆ ಎಂಬುದನ್ನು ದಿನವೂ ಕಾಣಬಲ್ಲವರು ಕೆರೆಯ ದಂಡೆಯವರೇ.

ಲೆಕ್ಕವಿಟ್ಟ ಗ್ರಾಮವು ಏನನ್ನು ಸಾಧಿಸಬಹುದೆಂಬುದಕ್ಕೆ ಮಹಾರಾಷ್ಟ್ರದ ಅಹಮದ್‌ನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಯ ಹಿವರೆ ಬಾಜಾರ್ ನಿದರ್ಶನವಾಗಿದೆ. ಮಳೆ ವಿರಳವಾದ ಆ ಗ್ರಾಮವು ಪೋಪಟರಾವ್ ಪವಾರರ ನಾಯಕತ್ವದಲ್ಲಿ ಗುಡ್ಡಗಳ ಮೇಲೆ ಬದುಗಳನ್ನು ಕಟ್ಟಿ, ನೀರಾವರಿಗೆಂದು ಕೊಳವೆಬಾವಿ ತೋಡುವುದನ್ನೂ ಕಬ್ಬು ಬೆಳೆಯುವುದನ್ನೂ ನಿಷೇಧಿಸಿತಲ್ಲದೆ, ಆಯಾ ವರ್ಷ ಬಿದ್ದ ಮಳೆಯನ್ನು ಅಳೆದು, ಕುಡಿಯಲಿಕ್ಕೆ ಮತ್ತು ದನಕರುಗಳಿಗೆ ಮೊದಲು ತೆಗೆದಿರಿಸಿ, ಮಿಕ್ಕುದರಲ್ಲಿ ಯಾವ ಬೆಳೆ ಸಾಧ್ಯವೆಂಬುದನ್ನು ಗ್ರಾಮಸಭೆಯಲ್ಲಿ ನಿಶ್ಚಯಿಸುವ ಪದ್ಧತಿಯನ್ನು ರೂಢಿಸಿತು. 2020ರಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಆರಂಭವಾದ ಅಟಲ್ ಭೂಜಲ ಯೋಜನೆಯು ಗ್ರಾಮ ಪಂಚಾಯತಿಗಳಿಂದಲೇ ಜಲಭದ್ರತಾ ಯೋಜನೆಯನ್ನು ಅಪೇಕ್ಷಿಸಿದುದರ ಹಿಂದೆ ಇಂಥದೇ ತತ್ತ್ವವಿದೆ.

ಆದರೆ ಗ್ರಾಮದ ಲೆಕ್ಕ ಜಿಲ್ಲೆಯ ಯೋಜನೆಯಾಗುವ ದಾರಿ ಯಾವುದು? ಸಂವಿಧಾನವೇ ಅದನ್ನು ತೋರಿಸಿದೆ. 1993ರಲ್ಲಿ ಜಾರಿಗೆ ಬಂದ 73ನೆಯ ತಿದ್ದುಪಡಿಯು ಸಣ್ಣ ನೀರಾವರಿ, ಜಲನಿರ್ವಹಣೆ, ಜಲಾನಯನ ಅಭಿವೃದ್ಧಿ, ಕುಡಿಯುವ ನೀರು ಇವುಗಳನ್ನು ಪಂಚಾಯತಿಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯಲ್ಲಿ ಸೇರಿಸಿತು. ಅದೇ ವರ್ಷದ 74ನೆಯ ತಿದ್ದುಪಡಿಯು ಪ್ರತಿ ಜಿಲ್ಲೆಗೂ ಯೋಜನಾ ಸಮಿತಿಯೊಂದನ್ನು ವಿಧಿಸಿ, ಪಂಚಾಯತಿಗಳಿಗೂ ಪುರಸಭೆಗಳಿಗೂ ಸಮಾನವಾದ ಹಿತಾಸಕ್ತಿಗಳಲ್ಲಿ ನೀರಿನ ಹಂಚಿಕೆಯನ್ನು ಹೆಸರಿಸಿಯೇ ಹೇಳಿತು. ಪಟ್ಟಣವು ಹಳ್ಳಿಯ ಕೆರೆಯಿಂದ ನೀರು ಕೇಳುವಾಗಲೂ, ತನ್ನ ಕೊಳಚೆಯನ್ನು ಅದೇ ಕೆರೆಗೆ ಬಿಡುವಾಗಲೂ ಇಬ್ಬರೂ ಎದುರುಬದುರು ಕುಳಿತು ತೀರ್ಮಾನಿಸಬೇಕಾದ ಸ್ಥಳ ಅದು. ಒಂದೇ ಸರಣಿಯ ಪಂಚಾಯತಿಗಳು ಮಳೆ, ಕೆರೆಯ ಮಟ್ಟ, ಬಾವಿಗಳ ಆಳ, ಬೆಳೆಯ ವಿಸ್ತೀರ್ಣಗಳನ್ನು ಬರೆದಿಟ್ಟು, ಒಂದೇ ಒಕ್ಕಣೆಯ ನಿರ್ಣಯವನ್ನು ಅಂಗೀಕರಿಸಿ ಆ ಸಮಿತಿಯ ಮುಂದಿಟ್ಟರೆ, ಬಿಡಿ ಮನವಿಪತ್ರಗಳಿಗಿಲ್ಲದ ತೂಕ ಅದಕ್ಕೆ ಪ್ರಾಪ್ತವಾಗುವುದು. ಇಲಾಖೆಯ ನಕ್ಷೆಯಲ್ಲಿ ಕಾಣದ ಬತ್ತಿದ ಕಾಲುವೆ, ಒತ್ತುವರಿಯಾದ ರಾಜಕಾಲುವೆ ಪಂಚಾಯತಿಗಳ ಈ ಲೆಕ್ಕದಲ್ಲಿ ಕಾಣುವುವು.

ಈ ದಾರಿಗೆ ಒಂದು ದೊಡ್ಡ ತಡೆಯಿದೆ. ಜಿಲ್ಲಾ ಯೋಜನಾ ಸಮಿತಿಯ ಐದರಲ್ಲಿ ನಾಲ್ಕು ಪಾಲಿನಷ್ಟು ಸದಸ್ಯರು ಜಿಲ್ಲಾ ಪಂಚಾಯತಿ ಮತ್ತು ಪುರಸಭೆಗಳ ಚುನಾಯಿತರಿಂದಲೇ ಆರಿಸಿ ಬರತಕ್ಕವರು. ಕರ್ನಾಟಕದಲ್ಲಿಯೋ, 2021ರಲ್ಲಿ ಅವಧಿ ತೀರಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳಿಗೆ ಅನಂತರ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಪ್ರತಿನಿಧಿಗಳಿಲ್ಲದ ಜಿಲ್ಲೆಯಲ್ಲಿ ನೀರಿನ ಯೋಜನೆ ಅಧಿಕಾರಿಗಳ ಕಡತವಾಗಿ ಉಳಿಯುವುದೇ ಹೊರತು ಜನರ ಸಂಕಲ್ಪವಾಗಲಾರದು. ಆದುದರಿಂದ ಚುನಾವಣೆಯು ಸಕಾಲದಲ್ಲಿ ನಡೆಯಬೇಕೆಂದು ಒತ್ತಾಯಿಸುವುದೂ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ನಮ್ಮ ಊರಿನ ನೀರಿನ ಲೆಕ್ಕವೆಲ್ಲಿ ಎಂದು ಕೇಳುವುದೂ ಓದುಗರು ಒಟ್ಟಾಗಿಯೇ ಮಾಡಬೇಕಾದ ಕೆಲಸ.