ಜಿಎಲ್‌ಪಿ-೧ ಮತ್ತು ನರಕೋಶಗಳ ರಕ್ಷಣೆ

ಜಿಎಲ್‌ಪಿ-೧ (ಗ್ಲುಕಗಾನ್ ಸದೃಶ ಪೆಪ್ಟೈಡ್-೧) ಎಂಬುದು ಆಹಾರ ಸೇವನೆಯ ನಂತರ ಕರುಳಿನ ಕೋಶಗಳು ಸ್ರವಿಸುವ ಹಾರ್ಮೋನು. ಅಮೈನೋ ಆಮ್ಲಗಳ ಕಿರು ಸರಪಳಿಯನ್ನು ಪೆಪ್ಟೈಡ್ ಎನ್ನುತ್ತಾರೆ. ಇನ್ಸುಲಿನ್ ಸ್ರವಿಕೆಯನ್ನು ಹೆಚ್ಚಿಸಿ ರಕ್ತದಲ್ಲಿನ ಸಕ್ಕರೆಯನ್ನು ತಗ್ಗಿಸುವುದು ಇದರ ಮುಖ್ಯ ಕಾರ್ಯ. ಇದರ ಸಂದೇಶವನ್ನು ಸ್ವೀಕರಿಸುವ ಗ್ರಾಹಕಗಳು ಮಿದುಳಿನಲ್ಲಿಯೂ ಇವೆ. ಆದ್ದರಿಂದ ಇದು ನರಕೋಶಗಳನ್ನು ಹಾನಿಯಿಂದ ಕಾಪಾಡಬಲ್ಲುದೇ ಎಂಬ ಬಗ್ಗೆ ಸಂಶೋಧನೆ ನಡೆದಿದೆ.

ಕಾರ್ಯವಿಧಾನ

ಪೆಪ್ಟೈಡ್ ನರಕೋಶದ ಗ್ರಾಹಕವನ್ನು ಸೇರಿದಾಗ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣುವಿನ ಪ್ರಮಾಣ ಏರುತ್ತದೆ. ಇದರಿಂದ ಕೋಶದ ಸ್ವಯಂನಾಶವನ್ನು ತಡೆಯುವ ಕ್ರಿಯೆಗಳು ಚುರುಕಾಗುತ್ತವೆ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಉರಿಯೂತವೂ ನರಕೋಶಗಳ ನಾಶವೂ ಕಡಿಮೆಯಾದುದು ಕಂಡುಬಂದಿದೆ.

ಔಷಧ ರೂಪ

ಸಹಜ ಜಿಎಲ್‌ಪಿ-೧ ರಕ್ತದಲ್ಲಿ ಕೆಲವೇ ನಿಮಿಷಗಳಲ್ಲಿ ವಿಘಟನೆ ಹೊಂದುತ್ತದೆ. ಗಿಲಾ ಮಾನ್‌ಸ್ಟರ್ ಎಂಬ ಹಲ್ಲಿಯ ವಿಷದಲ್ಲಿ ದೊರೆತ, ಇದನ್ನೇ ಹೋಲುವ ಎಕ್ಸೆಂಡಿನ್-೪ ಹೆಚ್ಚು ಕಾಲ ಉಳಿಯುತ್ತದೆ. ಜಾನ್ ಎಂಗ್ ಮತ್ತು ಸಹೋದ್ಯೋಗಿಗಳು ಇದನ್ನು ೧೯೯೨ರಲ್ಲಿ ವರದಿ ಮಾಡಿದರು. ಇದರ ಕೃತಕ ರೂಪವಾದ ಎಕ್ಸೆನಟೈಡ್ ೨೦೦೫ರಲ್ಲಿ ಅಮೆರಿಕದಲ್ಲಿ ಮಧುಮೇಹದ ಔಷಧವಾಗಿ ಅನುಮೋದನೆ ಪಡೆಯಿತು.

ಪಾರ್ಕಿನ್ಸನ್ ಕಾಯಿಲೆ

ಈ ಕಾಯಿಲೆಯಲ್ಲಿ ಡೋಪಮೈನ್ ತಯಾರಿಸುವ ನರಕೋಶಗಳು ಕ್ರಮೇಣ ನಶಿಸುತ್ತವೆ. ಈ ನಾಶವನ್ನು ತಡೆಯುವ ಔಷಧ ಇನ್ನೂ ಇಲ್ಲ. ೨೦೧೭ರಲ್ಲಿ ಪ್ರಕಟವಾದ, ೬೨ ರೋಗಿಗಳಿದ್ದ ಲಂಡನ್ನಿನ ಪ್ರಯೋಗದಲ್ಲಿ ಎಕ್ಸೆನಟೈಡ್ ಪಡೆದವರ ಚಲನೆಯ ಲಕ್ಷಣಗಳು ಅಲ್ಪಮಟ್ಟಿಗೆ ಉತ್ತಮವಾಗಿದ್ದವು. ಆದರೆ ೧೯೪ ಮಂದಿಯ ಮೇಲೆ ೯೬ ವಾರ ನಡೆದು ೨೦೨೫ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪ್ರಯೋಜನ ಕಾಣಲಿಲ್ಲ. ಹೀಗೆ ಪ್ರಾಣಿಗಳಲ್ಲಿ ಕಂಡ ರಕ್ಷಣೆ ಮಾನವರಲ್ಲಿ ದೃಢಪಟ್ಟಿಲ್ಲ.