ಫೋನಿನ ಉಪ್ಪನನ್ನು ನೋಡಲು ಮಗು ಹೊರಟಾಗ

ಡಿಸೆಂಬರ್‌ನ ಚಳಿ ಬಿದ್ದ ಕೂಡಲೇ ಶಂಕರಪುರದ ಮಲ್ಲಿಗೆ ತೋಟಗಳಲ್ಲಿ ಮೊಗ್ಗು ಕಮ್ಮಿಯಾಗುತ್ತದೆ, ಅಟ್ಟೆಯ ದರ ಮೇಲೇರುತ್ತದೆ. ಅದೇ ಹೊತ್ತಿಗೆ ಶಂಕರಪುರ, ಕಟಪಾಡಿ, ಶಿರ್ವ ಕಡೆಯ ನಮ್ಮ ಕೆಲವು ಮನೆಗಳಲ್ಲಿ ಕಪಾಟಿನ ಮೇಲಿನ ಸೂಟ್‌ಕೇಸ್ ಕೆಳಗಿಳಿಯುತ್ತದೆ. ಗಲ್ಫ್‌ನಲ್ಲಿ ಸೆಕೆ ಇಳಿದಿರುತ್ತದೆ, ಇಲ್ಲಿ ದೊಡ್ಡ ಮಕ್ಕಳಿಗೆ ಕ್ರಿಸ್ಮಸ್ ರಜೆ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಊರಿಗೆ ಬರುವ ಉಪ್ಪನ ಬಳಿಗೆ ಉಮ್ಮ ಮತ್ತು ಮಕ್ಕಳು ಹೊರಡುವ ಕಾಲ ಇದು.

ನೋಡುವವರಿಗೆ ಇದು ದುಬೈ ಟೂರ್. ಮನೆಯವರಿಗೆ ಮಾತ್ರ ಗೊತ್ತು ಇದೇನೆಂದು. ಉಪ್ಪ ರಜೆ ಮುಗಿಸಿ ಹೋದ ಮೇಲೆ ಹುಟ್ಟಿದ ಮಕ್ಕಳು ನಮ್ಮಲ್ಲಿ ಎಷ್ಟೋ ಇವೆ. "ಉಪ್ಪ ಎಲ್ಲಿ?" ಎಂದು ಕೇಳಿದರೆ ಮಗು ಮೊಬೈಲ್ ಕಡೆ ಬೆರಳು ತೋರಿಸುತ್ತದೆ. ನಾವು ನಗುತ್ತೇವೆ, ಆಮೇಲೆ ಒಳಗೊಳಗೇ ಒಂಥರಾ ಆಗುತ್ತದೆ. ಮೂರು-ನಾಲ್ಕು ವಾರಗಳ ಈ ಪ್ರಯಾಣದಲ್ಲಿ ಆಗಬೇಕಾದ ಕೆಲಸ ಒಂದೇ: ಮಗುವಿಗೆ ಉಪ್ಪನ ಗುರುತು ಹತ್ತಬೇಕು. ಟಿಕೆಟ್, ವೀಸಾ, ಬ್ಯಾಗು ಎಲ್ಲವನ್ನೂ ಅದಕ್ಕೆ ತಕ್ಕ ಹಾಗೆ ಹೊಂದಿಸಿಕೊಂಡರೆ ಚಂದ.

ಹಿಂದೆ ಇದು ಸುಲಭ ಇರಲಿಲ್ಲ. ಗಲ್ಫ್‌ಗೆ ಹೋಗುವವರು ಬಸ್ಸಲ್ಲಿ ಮುಂಬೈಗೆ, ಇಲ್ಲಾಂದ್ರೆ ಕೋಝಿಕ್ಕೋಡ್‌ಗೆ ಹೋಗಿ ವಿಮಾನ ಹತ್ತಬೇಕಿತ್ತು. ಕೈಕೂಸು ಕಟ್ಟಿಕೊಂಡು ಆ ದಾರಿಗೆ ಇಳಿದವರು ಕಡಿಮೆ. 2006ರ ಅಕ್ಟೋಬರ್‌ನಲ್ಲಿ ಮಂಗಳೂರಿನಿಂದ ನೇರ ದುಬೈಗೆ ವಿಮಾನ ಶುರುವಾದ ಮೇಲೆ ಲೆಕ್ಕವೇ ಬದಲಾಯಿತು. ಈಗ ಕಟಪಾಡಿಯಲ್ಲಿ ಹೆದ್ದಾರಿ ಹಿಡಿದರೆ ಕಾಪು, ಪಡುಬಿದ್ರಿ, ಮೂಲ್ಕಿ ದಾಟಿ ಕೆಂಜಾರಿನ ವಿಮಾನ ನಿಲ್ದಾಣ. ಅಲ್ಲಿಂದ ಮೂರೂವರೆ ಗಂಟೆಯಲ್ಲಿ ದುಬೈ.

ಮೊದಲ ಕೆಲಸ ಪಾಸ್‌ಪೋರ್ಟ್. ಹಾಲು ಕುಡಿಯುವ ಕೂಸಿಗೂ ಪ್ರತ್ಯೇಕ ಪಾಸ್‌ಪೋರ್ಟ್ ಬೇಕು, ಚಿಕ್ಕ ಮಕ್ಕಳದ್ದಕ್ಕೆ ಐದೇ ವರ್ಷದ ಅವಧಿ. ಪ್ರಯಾಣದ ದಿನ ಕನಿಷ್ಠ ಆರು ತಿಂಗಳಾದರೂ ಅವಧಿ ಉಳಿದಿರಬೇಕು. ಅರ್ಜಿಗೆ ತಂದೆ-ತಾಯಿ ಇಬ್ಬರ ಒಪ್ಪಿಗೆ ಕೇಳುತ್ತಾರೆ. ಉಪ್ಪ ಅಲ್ಲಿ, ಉಮ್ಮ ಇಲ್ಲಿ ಇರುವಾಗ ಆ ಕಾಗದಕ್ಕೇ ದಿನ ಹಿಡಿಯುತ್ತದೆ. ಆದ್ದರಿಂದ ಉಪ್ಪ ಊರಲ್ಲಿ ಇರುವಾಗಲೇ ಮಾಡಿಸಿಬಿಡುವುದು ಒಳ್ಳೆಯದು. ಹೆಸರಿನದ್ದೂ ಒಂದು ವಿಷಯ ಉಂಟು. ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿದ್ದವರಿಗೆ ಯುಎಇ 2022ರ ನವೆಂಬರ್‌ನಿಂದ ವಿಸಿಟ್ ವೀಸಾದ ನಿಯಮ ಬಿಗಿ ಮಾಡಿದೆ. ಹುಟ್ಟಿದ ಮಗುವಿಗೆ ಜನನ ಪ್ರಮಾಣಪತ್ರ ಮಾಡಿಸುವಾಗಲೇ ಹೆಸರಿನ ಜೊತೆ ಉಪ್ಪನ ಹೆಸರೋ ಮನೆತನದ ಹೆಸರೋ ಸೇರಿಸಿದರೆ ಮುಂದೆ ಓಡಾಟ ತಪ್ಪುತ್ತದೆ.

ಟಿಕೆಟ್ ತೆಗೆಯುವಾಗ ಮಗುವಿನ ವಯಸ್ಸು ನೋಡಿ. ಎರಡು ವರ್ಷ ತುಂಬದ ಮಗುವಿಗೆ ಬೇರೆ ಸೀಟಿಲ್ಲ, ಮಡಿಲಲ್ಲೇ ಕೂರಿಸಿಕೊಳ್ಳಬೇಕು. ಹೋಗುವಾಗ ತುಂಬದೆ, ವಾಪಸ್ ಬರುವ ದಿನಕ್ಕೆ ಎರಡು ತುಂಬಿದ್ದರೆ ಬರುವಾಗ ಸೀಟು ತೆಗೆಯಲೇಬೇಕು. ಇನ್ನು, ಡಿಸೆಂಬರ್ ಮಧ್ಯದಲ್ಲಿ ಅಲ್ಲಿನ ಶಾಲೆಗಳಿಗೆ ರಜೆ ಸಿಕ್ಕಿ ಕುಟುಂಬಗಳು ಊರಿಗೆ ಬರುತ್ತವೆ, ಜನವರಿ ಮೊದಲಿಗೆ ಮರಳುತ್ತವೆ. ಆ ಗುಂಪಿನ ಜೊತೆ ಹೋಗದೆ ಎದುರು ದಿಕ್ಕಿನಲ್ಲಿ ಹೋಗಿ ಬಂದರೆ ಕಿಸೆಗೆ ಭಾರ ಕಡಿಮೆ.

ಬ್ಯಾಗು ತುಂಬುವಾಗ ಅಜ್ಜಿಯಂದಿರ ಪ್ರೀತಿಗೆ ಸ್ವಲ್ಪ ತಡೆ ಹಾಕಬೇಕಾಗುತ್ತದೆ. ಗಸಗಸೆ ಯುಎಇ, ಸೌದಿ, ಕತಾರ್‌ಗಳಲ್ಲಿ ನಿಷಿದ್ಧ. ಮನೆಯಲ್ಲಿ ಹುರಿದು ಪುಡಿ ಮಾಡಿದ ಮಸಾಲೆಯಲ್ಲೂ ಅದು ಇರಬಾರದು. ಒಣ ಕೊಬ್ಬರಿಯನ್ನು ವಿಮಾನದ ಲಗೇಜಿನಲ್ಲಿ ಬಿಡುವುದಿಲ್ಲ, ಅದರ ಎಣ್ಣೆ ಅಂಶಕ್ಕೆ ಬೆಂಕಿಯ ಅಪಾಯ ಉಂಟು. ಕೊಡೀನ್ ಇರುವ ಕೆಮ್ಮಿನ ಸಿರಪ್‌ಗೆ ಅಲ್ಲಿ ಕಟ್ಟುನಿಟ್ಟು. ಮಗುವಿನ ಮದ್ದು ಯಾವುದೇ ಇರಲಿ, ಡಾಕ್ಟರ ಚೀಟಿಯೊಂದಿಗೇ ಒಯ್ಯಬೇಕು. ರಾಗಿ ಮಣ್ಣಿಯ ಪುಡಿ ಧಾರಾಳ ಹಾಕಿ, ಹೊಸ ಜಾಗದಲ್ಲಿ ಹಳೆಯ ರುಚಿ ಸಿಕ್ಕಿದರೆ ಮಗು ಸಮಾಧಾನವಾಗಿರುತ್ತದೆ. ದಾರಿಗೆ ಬೇಕಾಗುವಷ್ಟು ಮಗುವಿನ ಹಾಲು, ನೀರನ್ನು ಕೈಚೀಲದಲ್ಲಿ ಇಟ್ಟುಕೊಳ್ಳಲು ಬಿಡುತ್ತಾರೆ. ಒಂದು ಸ್ವೆಟರ್ ಕೂಡ ಇರಲಿ, ಡಿಸೆಂಬರ್ ರಾತ್ರಿ ದುಬೈಯಲ್ಲೂ ಚಳಿ ಉಂಟು.

ಶಂಕರಪುರದ ಮನೆಗಳಿಗೆ ಇನ್ನೊಂದು ಚಿಂತೆ. ಮಲ್ಲಿಗೆ ಗಿಡಕ್ಕೆ ರಜೆ ಅನ್ನುವುದಿಲ್ಲ. ಬೆಳಿಗ್ಗೆ ಬೇಗ ಮೊಗ್ಗು ಕೊಯ್ಯಬೇಕು, ಕಟ್ಟಬೇಕು, ಹೊತ್ತಿಗೆ ಸರಿಯಾಗಿ ಕಟ್ಟೆಗೆ ಮುಟ್ಟಿಸಬೇಕು. 800 ಹೂವು ಕಟ್ಟಿದರೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದರ ಏರಿದ ದಿನಗಳಲ್ಲೇ ತೋಟ ಬಿಟ್ಟು ಹೋಗುವುದು ಯಾರಿಗಾದರೂ ಕಷ್ಟವೇ. ಪಕ್ಕದ ಮನೆಯವರಿಗೆ ಮೊದಲೇ ಹೇಳಿ, ನೀರು ಬಿಡುವುದು, ಕೊಯ್ಯುವುದು, ಪಾಲು ಎಷ್ಟು ಎಂಬುದನ್ನು ಬಾಯಿಬಿಟ್ಟು ಮಾತಾಡಿಕೊಂಡರೆ ಆಮೇಲೆ ಮುಖ ಸಣ್ಣದಾಗುವುದಿಲ್ಲ.

ವಿಮಾನ ಏರುವಾಗ, ಅದಕ್ಕಿಂತ ಹೆಚ್ಚಾಗಿ ಇಳಿಯುವಾಗ, ಮಕ್ಕಳಿಗೆ ಕಿವಿ ನೋಯುತ್ತದೆ. ಆಗ ಹಾಲು ಕುಡಿಸಿದರೆ, ಏನಾದರೂ ಚೀಪಲು ಕೊಟ್ಟರೆ ನೋವು ಕಡಿಮೆಯಾಗುತ್ತದೆ. ಹತ್ತಿದ ಕೂಡಲೇ ಹಾಲೆಲ್ಲ ಮುಗಿಸದೆ ಇಳಿಯುವ ಹೊತ್ತಿಗೆ ಸ್ವಲ್ಪ ಉಳಿಸಿಕೊಳ್ಳಿ. ನೆಗಡಿಯೋ ಕಿವಿನೋವೋ ಇದ್ದರೆ ಹೊರಡುವ ಮೊದಲೇ ಡಾಕ್ಟರಿಗೆ ತೋರಿಸಬೇಕು.

ಇನ್ನು ಆ ಗಳಿಗೆ. ಉಪ್ಪ ಎರಡೂ ಕೈ ಚಾಚಿ ನಿಂತಿರುತ್ತಾರೆ. ಮಗು ಉಮ್ಮನ ಹೆಗಲಿಗೆ ಮುಖ ಒತ್ತಿ ಕಿರುಚುತ್ತದೆ. ಎಷ್ಟೋ ಉಪ್ಪಂದಿರ ಎದೆ ಒಡೆಯುವುದು ಅಲ್ಲೇ. ಇದರಲ್ಲಿ ಯಾರ ತಪ್ಪೂ ಇಲ್ಲ. ಎಂಟು ತಿಂಗಳಿಂದ ಎರಡು ವರ್ಷದವರೆಗೆ ಮಕ್ಕಳು ಪರಿಚಯ ಇಲ್ಲದವರಿಗೆ ಹೆದರುವುದು ಬೆಳವಣಿಗೆಯ ಲಕ್ಷಣ. ಫೋನಿನಲ್ಲಿ ಕಂಡ ಅಂಗೈ ಅಗಲದ ಮುಖ ಏಕಾಏಕಿ ಆರಡಿ ಎತ್ತರ ಆಗಿ, ಬೇರೆ ವಾಸನೆ, ಬೇರೆ ದನಿಯೊಂದಿಗೆ ಎದುರು ನಿಂತರೆ ಮಗು ಏನು ಮಾಡೀತು? "ಹೋಗು, ನಿನ್ನ ಉಪ್ಪನೇ" ಎಂದು ದೂಡಬಾರದು. ಉಪ್ಪ ಮೊದಲು ಉಮ್ಮನ ಹತ್ತಿರ ಮಾತಾಡಲಿ, ರೂಮಿನಲ್ಲಿ ನೆಲದ ಮೇಲೆ ಕೂತು ಆಟಿಕೆ ಉರುಳಿಸಲಿ. ಮಗು ತಾನಾಗಿ ಬರುತ್ತದೆ. ಕೆಲವಕ್ಕೆ ಒಂದು ಗಂಟೆ, ಕೆಲವಕ್ಕೆ ಒಂದು ವಾರ.

ಆಮೇಲಿನ ದಿನಗಳಲ್ಲಿ ಒಂದು ಕೆಲಸ ಪೂರ್ತಿಯಾಗಿ ಉಪ್ಪನದ್ದೇ ಇರಲಿ. ಸ್ನಾನ ಮಾಡಿಸುವುದೋ, ರಾತ್ರಿ ಮಲಗಿಸುವುದೋ ಸಾಕು. ಅಂಗಡಿಯಲ್ಲಿ, ಕಂಪನಿಯಲ್ಲಿ ದುಡಿಯುವವರಿಗೆ ವಾರಕ್ಕೆ ಒಂದೇ ರಜೆ. ಅದನ್ನೂ ಮಾಲ್ ಸುತ್ತುವುದರಲ್ಲಿ, ಸಂಬಂಧಿಕರ ಮನೆಯ ಊಟದಲ್ಲಿ ಕಳೆದರೆ ಮಗುವಿಗೆ ಉಪ್ಪ ಸಿಗುವುದು ಯಾವಾಗ? ತಿರುಗಲು ಕಮ್ಮಿ ಖರ್ಚಿನ ದಾರಿಗಳೂ ಉಂಟು. ದೇರಾದಿಂದ ಬರ್ ದುಬೈಗೆ ಅಬ್ರಾ ದೋಣಿಯಲ್ಲಿ ದಾಟಲು ಒಂದೇ ದಿರ್ಹಮ್. ಮಗು ಉಪ್ಪನ ಮಡಿಲಲ್ಲಿ ಕೂತು ನೀರು ನೋಡಿದರೆ ಅದಕ್ಕಿಂತ ಗಮ್ಮತ್ತು ಬೇರೆ ಬೇಕಾ? ಮೆಟ್ರೋದಲ್ಲಿ ಮಾತ್ರ ಮಗುವಿನ ಕೈಗೆ ಬಿಸ್ಕತ್ತು ಕೊಡಬೇಡಿ, ತಿಂದರೆ ದಂಡ ಉಂಟು.

ಮರಳುವ ದಿನ ಬಂದೇ ಬರುತ್ತದೆ. ಬಂದಾಗ ಹೆದರಿ ಅತ್ತ ಮಗು ಈಗ ಉಪ್ಪನ ಕೊರಳು ಬಿಡದೆ ಅಳಬಹುದು. ಅದು ಮಲಗಿರುವಾಗ ಹೇಳದೆ ಹೋಗುವ ರೂಢಿ ನಮ್ಮಲ್ಲಿ ಉಂಟು, ಅದು ಬೇಡ. ಅರ್ಥ ಆಗಲಿ ಬಿಡಲಿ, ಉಪ್ಪ ಎತ್ತಿಕೊಂಡು ಸಲಾಂ ಹೇಳಿ ಬೀಳ್ಕೊಡಲಿ. ಉಪ್ಪ ಉಟ್ಟ ಒಂದು ಹಳೆಯ ಲುಂಗಿಯನ್ನು ತೊಳೆಯದೆ ಬ್ಯಾಗಿಗೆ ಹಾಕಿಕೊಂಡು ಬನ್ನಿ, ಊರಲ್ಲಿ ಮಗುವಿಗೆ ಹೊದೆಸಲು ಆಗುತ್ತದೆ.