ತೆನೆ ಹಬ್ಬಕ್ಕೆ ಮಕ್ಕಳ ಕೈಯ ತೆನೆ

ಸೆಪ್ಟೆಂಬರ್ 8 ಕನ್ಯಾ ಮರಿಯಮ್ಮನವರ ಜನನದ ಹಬ್ಬ. ಕರಾವಳಿಯ ನಮಗೆ ಅದೇ ಮೊಂತಿ ಫೆಸ್ತ್, ತೆನೆ ಹಬ್ಬ. ಬೆಂಗಳೂರಿನ ಟಿನ್ ಫ್ಯಾಕ್ಟರಿಯ ಆಸುಪಾಸಿನಲ್ಲಿ ಬೆಳೆಯುವ ನಮ್ಮ ಮಕ್ಕಳು ಅಕ್ಕಿ ಕಂಡಿದ್ದಾರೆ, ಗದ್ದೆ ಕಂಡಿಲ್ಲ. ಬೆಳೆಯನ್ನೇ ಕಾಣದವರು ಯಾವುದಕ್ಕೆಂದು ಕೃತಜ್ಞತೆ ಸಲ್ಲಿಸಿಯಾರು?

ಆಗಸ್ಟ್ 30ರಿಂದ ಒಂಬತ್ತು ದಿನಗಳ ನೊವೇನದಲ್ಲಿ ಹೀಗೆ ಮಾಡಿಸೋಣ. ಹಳೆಯ ಮದುವೆ ಕಾಗದದ ಮೇಲೆ ಬಾಗಿದ ದಂಟೊಂದನ್ನು ಬರೆದುಕೊಡಿ. ಮಗು ದಿನಕ್ಕೊಂದು ಉಪಕಾರ ನೆನೆದು ಮೂರು ಭತ್ತದ ಕಾಳು ಅಂಟಿಸಲಿ. ಭತ್ತ ಸಿಗದಿದ್ದರೆ ಹಳದಿ ಕಾಗದದ ಚೂರು ಸಾಕು. ಕಾಳು ಮೂಗು, ಕಿವಿಗೆ ಹೋಗದಂತೆ ಹಿರಿಯರು ಜೊತೆಗಿರಬೇಕು.

ಆಶೀರ್ವದಿಸಿದ ತೆನೆಗೆ ಇದು ಬದಲಿಯಲ್ಲ. ಹಬ್ಬದಂದು ಚರ್ಚಿನಿಂದ ತಂದ ತೆನೆಯ ಕಾಳು ಸುಲಿದು ಹಾಲಿಗೆ ಬೆರೆಸಿ ಹಂಚುವ ಮೊದಲು, ಆ ಒಂಬತ್ತು ಉಪಕಾರಗಳನ್ನು ಮಗುವಿನ ಬಾಯಿಂದಲೇ ಹೇಳಿಸೋಣ.